ಒಂದು ಹಳೆಯ ಚಿತ್ರಕಥೆ, ಒಂದು ಹಳೆಯ ಸಂಶಯ

ಕಾವ್ಯ ಪುರಾಣಗಳ ಗ್ರಂಥಗಳನ್ನೇ ಈ ಪುಟದಲ್ಲಿ ಪರಿಚಯಿಸುತ್ತ ಬಂದಿರುವ ನಾವು, ಈ ತಿಂಗಳು ಹುಡುಗರ ಚಿತ್ರಕಥೆಯೊಂದನ್ನು ಕೈಗೆತ್ತಿಕೊಂಡಿರುವುದನ್ನು ಕಂಡು ವಾಚಕರು ನಗಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡುವೆವು.

ನಿವೃತ್ತರಾದ ಮೇಲೆ ರೋಣದ ನಮ್ಮ ಮನೆಯ ಅಟ್ಟದ ಮೇಲಿದ್ದ ಟ್ರಂಕನ್ನು ಇಳಿಸಿ ಹಳೆಯ ಕಾಗದಪತ್ರಗಳನ್ನು ವಿಂಗಡಿಸುತ್ತಿದ್ದೆವು. ಅಮರಕೋಶ, ಶಬ್ದರೂಪಾವಳಿಗಳ ನಡುವೆ ಹೊದಿಕೆ ಹರಿದ ಚಿತ್ರಪುಸ್ತಕವೊಂದು ದೊರೆಯಿತು. ಕಂಡೊಡನೆ ನಮಗೆ ನಾಚಿಕೆಯಾಯಿತು. ಏಕೆಂದರೆ ಅದು ನಮ್ಮದಲ್ಲ.

1988ರಲ್ಲಿ ನಾವು ನರಗುಂದದ ಒಂದು ಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಲು ಹೊಸದಾಗಿ ಸೇರಿದ್ದೆವು. ಗಜೇಂದ್ರಗಡದ ಕಡೆಯಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬನು ಪಾಠದ ವೇಳೆಯಲ್ಲಿ ಈ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದನು. ಎಬ್ಬಿಸಿ ನಿಲ್ಲಿಸಿದೆವು. ಅವನು ಹೆದರಿದಂತೆ ಕಾಣಲಿಲ್ಲ. "ಸರ್, ಬ್ಯಾರೆ ಗ್ರಹದಾಗ ಇವರು ಮೂಗಿಗೆ ಏನೂ ಕಟ್ಟಿಕೊಳ್ಳದ ಹ್ಯಾಂಗ ಉಸಿರಾಡ್ತಾರ್ರೀ?" ಎಂದು ನಮ್ಮನ್ನೇ ಕೇಳಿದನು. ಉತ್ತರವು ನಮಗೆ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಬದಲು ಅವನ ಅಂಗೈಗೆ ಎರಡು ಏಟು ಕೊಟ್ಟು, ಪುಸ್ತಕವನ್ನು ಕಸಿದುಕೊಂಡೆವು. ವರ್ಷದ ಕೊನೆಗೆ ಹಿಂದಿರುಗಿಸುವುದಾಗಿ ಹೇಳಿ ಮರೆತೆವು. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ಆ ಪುಸ್ತಕವು ಇಂದ್ರಜಾಲ ಕಾಮಿಕ್ಸ್ ಎಂಬ ಮಾಲೆಯದು. ಟೈಮ್ಸ್ ಆಫ್ ಇಂಡಿಯಾದ ಪ್ರಕಾಶಕರು 1964ರಲ್ಲಿ ಆರಂಭಿಸಿ 1990ರವರೆಗೆ ನಡೆಸಿದ ಈ ಮಾಲೆಯು ಕನ್ನಡದಲ್ಲಿಯೂ ಹೊರಡುತ್ತಿತ್ತು. ಇದರ ನಾಯಕನು ಫ್ಲ್ಯಾಶ್ ಗಾರ್ಡನ್. ನಮ್ಮ ಕೈಯಲ್ಲಿದ್ದುದು ಅವನ ಮುಂದಿನ ಸಾಹಸಗಳಲ್ಲೊಂದಾದುದರಿಂದ, ಮೂಲಕಥೆಯನ್ನೂ ಹುಡುಕಿ ತರಿಸಿ ಓದಿದೆವು.

ಅಮೆರಿಕದ ಚಿತ್ರಕಾರ ಅಲೆಕ್ಸ್ ರೇಮಂಡನು ಇದನ್ನು 1934ರ ಜನವರಿ 7ರಂದು ಭಾನುವಾರದ ವೃತ್ತಪತ್ರಿಕೆಗಳಲ್ಲಿ ಆರಂಭಿಸಿದನು. ಕಥೆಯನ್ನು ಹೆಣೆಯುವುದರಲ್ಲಿ ಡಾನ್ ಮೂರ್ ಎಂಬವನ ನೆರವಿತ್ತು. ಮೊಂಗೊ ಎಂಬ ಅಪರಿಚಿತ ಗ್ರಹವು ಭೂಮಿಯ ಮೇಲೆ ಬೀಳುವಂತೆ ಧಾವಿಸುತ್ತಿದೆ. ವಿಜ್ಞಾನಿ ಝಾರ್ಕೋವನು ತಾನು ನಿರ್ಮಿಸಿದ ರಾಕೆಟನ್ನು ಅದಕ್ಕೆ ಡಿಕ್ಕಿ ಹೊಡೆಸಿ ಭೂಮಿಯನ್ನುಳಿಸಲು ಹೊರಡುತ್ತಾನೆ. ಪೋಲೋ ಆಟಗಾರನಾದ ಫ್ಲ್ಯಾಶನನ್ನೂ ಡೇಲ್ ಎಂಬ ತರುಣಿಯನ್ನೂ ಪಿಸ್ತೂಲು ತೋರಿಸಿ ಏರಿಸಿಕೊಳ್ಳುತ್ತಾನೆ. ಮೂವರೂ ಮೊಂಗೊ ಗ್ರಹಕ್ಕೆ ಬಿದ್ದು, ಅಲ್ಲಿನ ನಿರ್ದಯ ಚಕ್ರವರ್ತಿ ಮಿಂಗನ ಕೈಗೆ ಸಿಕ್ಕುತ್ತಾರೆ. ಮುಂದಿನದೆಲ್ಲ ಯುದ್ಧ, ಸೆರೆ, ಬಿಡುಗಡೆ.

ಗುಣಗಳನ್ನು ಮೊದಲು ಹೇಳುವೆವು. ರೇಮಂಡನ ರೇಖೆಯು ಉತ್ಕೃಷ್ಟವಾದುದು; ಬಟ್ಟೆಯ ಮಡಿಕೆಯಲ್ಲಿಯೂ ದೇಹದ ಭಂಗಿಯಲ್ಲಿಯೂ ಶ್ರಮವೂ ಶಾಸ್ತ್ರವೂ ಕಾಣುತ್ತವೆ. ಸಿಂಹಮಾನವ ಥನ್, ಅರಣ್ಯರಾಜ್ಯದ ಬಾರಿನ್, ಗಿಡುಗಮಾನವರ ಅರಸು ವಲ್ಟನ್, ಈ ಮೂವರೂ ಮೊದಲು ಎದುರಾಗಿ ಬಳಿಕ ಮಿತ್ರರಾಗುತ್ತಾರೆ. ಸುಗ್ರೀವನ ಸಖ್ಯವನ್ನೂ ವಿಭೀಷಣನ ಶರಣಾಗತಿಯನ್ನೂ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ಅಪರಿಚಿತವಲ್ಲ.

ವಲ್ಟನನ ನಗರವು ಆಕಾಶದಲ್ಲಿ ತೇಲುವುದನ್ನು ಓದಿದಾಗ, ವನಪರ್ವದಲ್ಲಿ ಬರುವ ಸಾಲ್ವನ ಸೌಭವು ನಮಗೆ ನೆನಪಾಯಿತು. ಆದರೆ ಒಂದು ಭೇದವುಂಟು. ಸೌಭವು ಹೇಗೆ ಹಾರಿತೆಂದು ನಾವು ಕೇಳುವುದಿಲ್ಲ. ಅದು ಅದ್ಭುತರಸದ ವಿಷಯ. ವಲ್ಟನನ ನಗರವನ್ನಾದರೋ ಕಿರಣಗಳು ಎತ್ತಿ ಹಿಡಿದಿವೆ, ಅವುಗಳಿಗಾಗಿ ಸೆರೆಯಾಳುಗಳು ಕುಲುಮೆಗೆ ಇಂಧನ ತುಂಬುತ್ತಿದ್ದಾರೆ ಎಂದು ಕಥೆಗಾರನು ಕಾರಣವನ್ನು ಹೇಳಲು ಹೊರಡುತ್ತಾನೆ. ಕಾರಣವು ತಪ್ಪಾಗಿರಬಹುದು, ಆದರೆ ಕಾರಣವೊಂದಿರಬೇಕೆಂಬ ಹಟವೇ ಈ ಜಾತಿಯ ಕಥೆಗಳ ಲಕ್ಷಣ. ಸೌಭವನ್ನು ತೋರಿಸಿ ನಮ್ಮ ಹಿರಿಯರಲ್ಲಿ ವಿಮಾನಗಳಿದ್ದುವೆಂದು ವಾದಿಸುವವರು ಈ ಭೇದವನ್ನು ಮರೆಯುತ್ತಾರೆ.

ಝಾರ್ಕೋವನ ಉಪಾಯವನ್ನು ಕೇವಲ ಹುಚ್ಚೆನ್ನುವಂತಿಲ್ಲ. 2022ರ ಸೆಪ್ಟೆಂಬರ್ 26ರಂದು ಅಮೆರಿಕದ ನಾಸಾ ಸಂಸ್ಥೆಯವರು ಡಾರ್ಟ್ ಎಂಬ ನೌಕೆಯನ್ನು ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಬಡಿಸಿದರು. ಅದರಿಂದ ಭೂಮಿಗೆ ಅಪಾಯವೇನೂ ಇರಲಿಲ್ಲ, ಪರೀಕ್ಷೆ ಮಾತ್ರ. ತನ್ನ ದೊಡ್ಡ ಜೊತೆಗಾರನನ್ನು ಅದು ಸುತ್ತುವ ಕಾಲವು ಅರ್ಧ ಗಂಟೆಗೂ ತುಸು ಹೆಚ್ಚಾಗಿಯೇ ಕಡಿಮೆಯಾಯಿತು. ಆದರೆ ಡೈಮಾರ್ಫಸಿನ ಅಗಲ ಸುಮಾರು 160 ಮೀಟರು. ಮೊಂಗೊ ಒಂದು ಇಡೀ ಗ್ರಹ. ಅದಕ್ಕೆ ರಾಕೆಟಿನ ಪೆಟ್ಟು ಗಜೇಂದ್ರಗಡದ ಗುಡ್ಡಕ್ಕೆ ಸಾಸಿವೆಯ ಪೆಟ್ಟಿದ್ದಂತೆ.

ದೋಷಗಳಲ್ಲಿ ಒಂದನ್ನು ಗೃಹಸ್ಥರಾದವರು ಗಮನಿಸಲೇಬೇಕು. ಎಂಟು ವರ್ಷದ ನಮ್ಮ ಮೊಮ್ಮಗಳು ಚಿತ್ರಗಳನ್ನು ನೋಡಿ, "ಅಜ್ಜಾ, ಈ ಮಿಂಗ್ ಚೀನಾದವನೇನು?" ಎಂದು ಕೇಳಿದಳು. ಹಳದಿ ಬಣ್ಣದ ಮೈ, ಇಳಿಬಿದ್ದ ಮೀಸೆ, ಆ ಹೆಸರು. ಮಗುವಿನ ಕಣ್ಣು ತಪ್ಪಲಿಲ್ಲ. ಪೂರ್ವದೇಶದವರ ಬಗೆಗೆ ಆಗಿನ ಅಮೆರಿಕದಲ್ಲಿದ್ದ ಭಯವೂ ತಿರಸ್ಕಾರವೂ ಈ ವೇಷವನ್ನು ಹೊಲಿದಿವೆ. "ಕೆಟ್ಟತನಕ್ಕ ದೇಶದ ಮುಖ ಇರೂದಿಲ್ಲವ್ವಾ, ಬರದವರು ತಪ್ಪು ಮಾಡ್ಯಾರ" ಎಂದು ಹೇಳಿದೆವು. ಡೇಲಳ ಪಾತ್ರವೂ ಹಾಗೆಯೇ ನಮಗೆ ಒಪ್ಪಿಗೆಯಾಗಲಿಲ್ಲ. ಪದೇ ಪದೇ ಅಪಹರಣಕ್ಕೆ ಸಿಕ್ಕುವುದೇ ಆಕೆಯ ಪಾಲಿನ ಕೆಲಸವಾಗಿದೆ. ಆದಕಾರಣ ಈ ಪುಸ್ತಕವನ್ನು ಮಕ್ಕಳಿಗೆ ಕೊಡಬೇಕು, ಆದರೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಕೊಡಬೇಕೆಂಬುದೇ ನಮ್ಮ ಅಭಿಪ್ರಾಯ.

ಇನ್ನು ಆ ಹುಡುಗನ ಪ್ರಶ್ನೆ. ಭೂಮಿಯ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವಿದೆ. ಹಸಿರು ಜೀವಿಗಳು ಕೋಟ್ಯಂತರ ವರ್ಷಗಳಲ್ಲಿ ಅದನ್ನು ತುಂಬಿಟ್ಟಿವೆ. ಚಂದ್ರನಲ್ಲಿ ಉಸಿರಾಡುವ ಗಾಳಿಯೇ ಇಲ್ಲವಾದುದರಿಂದ, 1969ರಲ್ಲಿ ಅಲ್ಲಿ ಇಳಿದವರು ಅದನ್ನು ಬೆನ್ನ ಮೇಲೆ ಹೊತ್ತೊಯ್ದರು. ಮಂಗಳನ ಗಾಳಿಯ ಬಹುಭಾಗವು ಇಂಗಾಲದ ಡೈಆಕ್ಸೈಡು. ಆದುದರಿಂದ ಮೂಗಿಗೆ ಏನೂ ಕಟ್ಟಿಕೊಳ್ಳದೆ ಮೊಂಗೊ ಗ್ರಹದಲ್ಲಿ ತಿರುಗಾಡಿದ್ದು ಕಥೆಗಾರನ ತಪ್ಪು. ಹುಡುಗನ ಸಂಶಯವೇ ಸರಿ.

ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಮೀಮಾಂಸಕರು ವಿಚಾರಕ್ಕೆ ಐದು ಅಂಗಗಳನ್ನು ಹೇಳುತ್ತಾರೆ. ಸಂಶಯವಿಲ್ಲದೆ ಸಿದ್ಧಾಂತವಿಲ್ಲವೆಂದು ನಾವೇ ಓದಿ ಬಂದಿದ್ದೆವು. ಆದರೆ ಅದೇ ಸಂಶಯವು ಹರಿದ ಪುಸ್ತಕವನ್ನು ಹಿಡಿದು ಎದುರಿಗೆ ನಿಂತಾಗ ಅದರ ಗುರುತು ನಮಗೆ ಹತ್ತಲಿಲ್ಲ.

ಆ ಹುಡುಗನಿಗೆ ಈಗ ಐವತ್ತರ ಸಮೀಪದ ವಯಸ್ಸು. ಈ ಪತ್ರಿಕೆಯು ಅವನ ಮನೆಗೂ ಹೋಗುತ್ತಿರಬಹುದು. ಅಪ್ಪಾ, ನಿನ್ನ ಪುಸ್ತಕವು ರೋಣದಲ್ಲಿ ನಮ್ಮ ಬಳಿ ಸುರಕ್ಷಿತವಾಗಿದೆ; ಹೊದಿಕೆ ಮಾತ್ರ ಇಲ್ಲ. ನಿನ್ನ ಪ್ರಶ್ನೆಗೆ ಉತ್ತರವನ್ನು ಮೇಲೆ ಬರೆದಿದ್ದೇವೆ. ತಪ್ಪಿದ್ದರೆ ಬಂದು ತಿದ್ದು. ಈ ಸಲ ಎದ್ದು ನಿಲ್ಲುವವರು ನಾವು.