ಅಪ್ಪ ಕರೆತಂದರೆ ಪರಂಪರೆ, ಅಮ್ಮ ಕರೆತಂದರೆ?

ಜಯಲಲಿತಾ ಬಗ್ಗೆ ಬರೆಯೋದೇ ಬೇಡ ಅಂದುಕೊಂಡಿದ್ದೆ. ಕರ್ನಾಟಕದಲ್ಲಿ ಕೂತು ಆ ಹೆಸರೆತ್ತಿದರೆ ಮೊದಲು ಕಾವೇರಿ ಬರುತ್ತೆ, ಆಮೇಲೆ ಪರಪ್ಪನ ಅಗ್ರಹಾರ ಬರುತ್ತೆ, ಕೊನೆಗೆ ಸೀರೆ-ಚಪ್ಪಲಿಗಳ ಲೆಕ್ಕ ಬರುತ್ತೆ. ಈ ಬರಹ ಆ ಮೂರರ ಬಗ್ಗೆಯೂ ಅಲ್ಲ. ಆಕೆಯ ರಾಜಕೀಯಕ್ಕೆ ನಾನು ವಕೀಲನೂ ಅಲ್ಲ. ನನಗೆ ಕೋಪ ಬರೋದು ಆಕೆಯ ಅಮ್ಮ ಸಂಧ್ಯಾ ಬಗ್ಗೆ ನಮ್ಮ ಜನ ಆಡೋ ಒಂದು ಮಾತಿಗೆ.

"ಅಮ್ಮನೇ ಕಣ್ರೀ ಆ ಹುಡುಗಿ ಬಾಳು ಹಾಳು ಮಾಡಿದ್ದು. ಚೆನ್ನಾಗಿ ಓದ್ತಿದ್ದವಳನ್ನ ದುಡ್ಡಿಗೋಸ್ಕರ ಸಿನಿಮಾಕ್ಕೆ ತಳ್ಳಿದ್ಲು."

2021ರಲ್ಲಿ 'ತಲೈವಿ' ಸಿನಿಮಾ ಬಂದಾಗ ಇದೇ ಮಾತನ್ನ ಆಫೀಸಿನವರ ಬಾಯಲ್ಲಿ, ನೆಂಟರ ಬಾಯಲ್ಲಿ, ಟೀವಿಯಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹೇಳುವವರಿಗೆ ಇದರಲ್ಲಿ ಅನುಮಾನವೇ ಇರೋದಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ನಟಿಯ ತಾಯಿ ದುಡ್ಡಿನ ಆಸೆಯವಳು. ಮುಗೀತು.

ಸರಿ, ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. 1948ರ ಫೆಬ್ರವರಿ 24ರಂದು ಮೇಲುಕೋಟೆಯಲ್ಲಿ ಜಯಲಲಿತಾ ಹುಟ್ಟಿದಾಗ ಆ ಮನೆತನಕ್ಕೆ ಹೆಸರಿತ್ತು, ಹಣವೂ ಇತ್ತು. ಅಪ್ಪನ ಕಡೆಯ ಅಜ್ಜ ರಂಗಾಚಾರಿ ಮೈಸೂರು ಮಹಾರಾಜರ ಆಸ್ಥಾನದಲ್ಲಿ ಸರ್ಜನ್ ಆಗಿದ್ದವರು. ಅಪ್ಪ ಜಯರಾಂ ಲಾಯರು. ಲಾಯರು ಅಂದರೆ ಓದಿದ್ದು ಮಾತ್ರ. ನೆಟ್ಟಗೆ ಕೆಲಸ ಮಾಡಲಿಲ್ಲ, ಇದ್ದ ಆಸ್ತಿಯಲ್ಲಿ ಹೆಚ್ಚಿನದನ್ನ ಕರಗಿಸಿದರು ಅಂತ ಆಕೆಯ ಬದುಕಿನ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಮಗಳಿಗೆ ಎರಡು ವರ್ಷ ಆಗಿದ್ದಾಗ ತೀರಿಕೊಂಡರು. ಈ ಅಪ್ಪನಿಗೆ ಬರೆಯುವವರು ಕೊಡೋದು ಒಂದೇ ಒಂದು ಸಾಲು. ಆಮೇಲೆ ಪುಟಗಟ್ಟಲೆ ಅಮ್ಮನ ವಿಚಾರಣೆ.

ಆ ಅಮ್ಮನ ನಿಜವಾದ ಹೆಸರು ವೇದವಲ್ಲಿ. ಶ್ರೀರಂಗದ ಕಡೆಯ ಅಯ್ಯಂಗಾರ್ ಮನೆತನದ ಹೆಣ್ಣುಮಗಳು. ಇನ್ನೂ ಮೂವತ್ತು ತುಂಬಿರಲಿಲ್ಲ, ಗಂಡ ಹೋದ, ಕಂಕುಳಲ್ಲಿ ಎರಡು ಮಕ್ಕಳು. 1950ರಲ್ಲಿ ಅಂಥ ಹೆಣ್ಣಿಗೆ ನಮ್ಮ ಸಮಾಜ ಏನು ದಾರಿ ಇಟ್ಟಿತ್ತು ಅಂತ ನಾನು ಹೇಳಬೇಕಿಲ್ಲ, ನಿಮ್ಮ ನಿಮ್ಮ ಮನೆಯ ಹಿರಿಯರನ್ನೇ ಕೇಳಿ. ಮೂಲೆ. ವೇದವಲ್ಲಿ ಮೂಲೆ ಹಿಡಿಯಲಿಲ್ಲ. ಬೆಂಗಳೂರಿಗೆ ತವರಿಗೆ ಬಂದು ಟೈಪ್‌ರೈಟಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಗುಮಾಸ್ತೆ ಕೆಲಸಕ್ಕೆ ಸೇರಿದರು. (ಈ ಊರಲ್ಲಿ ಕೀಬೋರ್ಡ್ ಕುಟ್ಟಿ ಹೊಟ್ಟೆ ಹೊರೆಯುವ ನಮ್ಮ ಜಾತಿಯ ಹಿರಿಯರಲ್ಲಿ ಆಕೆಯೂ ಒಬ್ಬರು ಅಂತ ನನಗೆ ಒಂಥರಾ ಖುಷಿ :) ) ಆ ಸಂಬಳ ಎಲ್ಲಿ ಸಾಲಬೇಕು? ತಂಗಿ ಅಂಬುಜವಲ್ಲಿ ಮೊದಲು ವಿಮಾನದ ಗಗನಸಖಿಯಾಗಿ, ಆಮೇಲೆ ವಿದ್ಯಾವತಿ ಅನ್ನೋ ಹೆಸರಲ್ಲಿ ಮದರಾಸಿನಲ್ಲಿ ನಟಿಯಾಗಿದ್ದರು. 1952ರಲ್ಲಿ ವೇದವಲ್ಲಿಯೂ ಮದರಾಸಿಗೆ ಹೋದರು. ಅಲ್ಲಿ ಸಂಧ್ಯಾ ಆದರು. ನೀವು 'ಮಾಯಾ ಬಜಾರ್' (1957) ನೋಡಿದ್ದರೆ ಆಕೆಯನ್ನ ನೋಡಿಯೇ ಇರ್ತೀರಿ, ಅದರಲ್ಲಿ ರುಕ್ಮಿಣಿ ಆಕೆಯೇ. ನಾಯಕಿಯ ಪಾತ್ರಗಳಲ್ಲ, ಇಂಥವೇ ಸಣ್ಣಪುಟ್ಟ ಪಾತ್ರಗಳು. ಮನೆ ನಡೆದದ್ದು ಅವುಗಳಿಂದ.

ಮಗಳು ಬೆಂಗಳೂರಿನಲ್ಲೇ ಉಳಿದಳು. ಅಜ್ಜ-ಅಜ್ಜಿ, ಚಿಕ್ಕಮ್ಮ ಪದ್ಮವಲ್ಲಿ, ಬಿಷಪ್ ಕಾಟನ್ ಹುಡುಗಿಯರ ಶಾಲೆ. 1958ರ ತನಕ ಹೀಗೇ. ಅಮ್ಮ ಆಗಾಗ ಬಂದು ಹೋಗೋದು.

ಇಲ್ಲಿ ಒಂದು ಪ್ರಸಂಗ ಇದೆ. 1999ರಲ್ಲಿ ಸಿಮಿ ಗರೆವಾಲ್ ಜೊತೆ ಟೀವಿಗೆ ಮಾತಾಡುವಾಗ ಜಯಲಲಿತಾ ತಾವೇ ಹೇಳಿಕೊಂಡದ್ದು. ಅಮ್ಮ ವಾಪಸ್ ಹೋಗಬಾರದು ಅಂತ ಪುಟ್ಟ ಹುಡುಗಿ ಅಮ್ಮನ ಸೆರಗನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಮಲಗೋಳಂತೆ. ಎಳೆದರೆ ಎಚ್ಚರ ಆಗುತ್ತೆ. ಅದಕ್ಕೆ ಅಮ್ಮ ಸೀರೆಯಿಂದಲೇ ಮೆಲ್ಲಗೆ ಹೊರಗೆ ಜಾರೋದು, ಚಿಕ್ಕಮ್ಮ ಆ ಸೀರೆ ಸುತ್ತಿಕೊಂಡು ಮಗುವಿನ ಪಕ್ಕ ಮಲಗೋದು. ಬೆಳಗ್ಗೆ ಎದ್ದರೆ ಸೀರೆ ಅಮ್ಮಂದೇ, ಒಳಗಿರೋದು ಅಮ್ಮ ಅಲ್ಲ.

ಈ ಪ್ರಸಂಗ ಕೇಳಿದವರು ಎಲ್ಲರೂ "ಅಯ್ಯೋ ಪಾಪ ಮಗು" ಅಂತಾರೆ. ಪಾಪವೇ, ನಾನೇನು ಇಲ್ಲ ಅಂದೆನಾ? ನನಗೂ ಅದನ್ನ ಕೇಳಿದಾಗ ಗಂಟಲು ಕಟ್ಟಿತ್ತು. ಆದರೆ ಆ ಕೋಣೆಯಲ್ಲಿ ಮೂರು ಜನ ಇದ್ದರು ಸ್ವಾಮಿ. ಮಲಗಿರೋ ಮಗಳ ಮುಷ್ಟಿಯಲ್ಲಿ ತನ್ನ ಸೀರೆ ಬಿಟ್ಟು, ಕತ್ತಲಲ್ಲಿ ಬೇರೆ ಸೀರೆ ಉಟ್ಟು ಹೊರಟ ಹೆಂಗಸು ಒಬ್ಬಳು. ಅಕ್ಕ ನೆಮ್ಮದಿಯಾಗಿ ಕೆಲಸಕ್ಕೆ ಹೋಗಲಿ ಅಂತ ಅವಳ ಸೀರೆಯೊಳಗೆ ಹೊಕ್ಕು ಮಲಗಿದ ತಂಗಿ ಇನ್ನೊಬ್ಬಳು. ಅವರಿಬ್ಬರ ರಾತ್ರಿ ಹೇಗಿತ್ತು ಅಂತ ಯಾರೂ ಕೇಳಲ್ಲ. ದುಬೈಗೋ ಸೈನ್ಯಕ್ಕೋ ಹೋಗುವ ಅಪ್ಪ ಮಲಗಿರೋ ಮಗುವಿನ ಹಣೆಗೆ ಮುತ್ತು ಕೊಟ್ಟು ಹೊರಟರೆ ನಮಗೆ ಅದು ತ್ಯಾಗ. ಅದರ ಮೇಲೆ ಒಂದು ಹಾಡು ಬೇರೆ ಹಾಕ್ತೀವಿ. ಅಮ್ಮ ಹಾಗೇ ಹೊರಟರೆ "ಮಗುವನ್ನ ಬಿಟ್ಟು ಹೋದಳು".

ಇದೇ ಸಂದರ್ಶನದಲ್ಲಿ ಇನ್ನೊಂದು ನೆನಪು ಬರುತ್ತೆ. ಅಮ್ಮನ ಬಗ್ಗೆ ಬರೆದ ಪ್ರಬಂಧಕ್ಕೆ ಶಾಲೆಯಲ್ಲಿ ಬಹುಮಾನ ಬಂದಿತ್ತು. ಅದನ್ನ ಅಮ್ಮನಿಗೆ ತೋರಿಸಬೇಕು ಅಂತ ಹುಡುಗಿ ನಿದ್ದೆಗೆಟ್ಟು ಕಾದಳು. ಶೂಟಿಂಗ್ ಮುಗಿಸಿ ಅಮ್ಮ ಬರುವಷ್ಟರಲ್ಲಿ ಹೊತ್ತು ಮೀರಿರೋದು. ಅಮ್ಮ ಎಲ್ಲಿದ್ದಳು? ಆ ಶಾಲೆಯ ಫೀಸು ದುಡಿಯೋ ಜಾಗದಲ್ಲಿ.

ಈಗ 'ತಳ್ಳಿದ' ವಿಷಯಕ್ಕೆ ಬರೋಣ. 1964ರಲ್ಲಿ ಮದರಾಸಿನ ಚರ್ಚ್ ಪಾರ್ಕ್ ಕಾನ್ವೆಂಟಿನಲ್ಲಿ ಮೆಟ್ರಿಕ್ ಮುಗಿಸಿದಾಗ ಆಕೆ ಇಡೀ ರಾಜ್ಯಕ್ಕೇ ಮೊದಲು. ಮುಂದೆ ಓದುವ ಆಸೆ, ಲಾಯರಾಗುವ ಕನಸು. ಅಷ್ಟರಲ್ಲಿ ಸಂಧ್ಯಾಗೆ ಬರುತ್ತಿದ್ದ ಪಾತ್ರಗಳು ಕಡಿಮೆಯಾಗುತ್ತಿದ್ದವು, ಮನೆಯ ಖರ್ಚು ಕಡಿಮೆಯಾಗಿರಲಿಲ್ಲ. ನಮ್ಮ ಕೋಲಾರ ಕಡೆಯ ಬಿ.ಆರ್. ಪಂತುಲು ತಮ್ಮ ಕನ್ನಡ ಚಿತ್ರ 'ಚಿನ್ನದ ಗೊಂಬೆ'ಗೆ ಹುಡುಗಿಯನ್ನ ಕೇಳಿದರು. ರಜೆಯಲ್ಲೇ ಮುಗಿಸಿಕೊಡ್ತೀವಿ, ಓದಿಗೆ ತೊಂದರೆ ಇಲ್ಲ ಅಂತ ಮಾತು. ಅದು 1964ರಲ್ಲಿ ಬಂತು, ಹೀರೋ ಕಲ್ಯಾಣ್ ಕುಮಾರ್. 1965ರಲ್ಲಿ ತಮಿಳಿನಲ್ಲಿ ಶ್ರೀಧರ್ ಅವರ 'ವೆಣ್ಣಿರ ಆಡೈ'. ಅದಕ್ಕೆ ಎ ಸರ್ಟಿಫಿಕೇಟ್ ಕೊಟ್ಟಿದ್ದರಿಂದ ನಾಯಕಿಗೇ ತನ್ನ ಸಿನಿಮಾವನ್ನ ಥಿಯೇಟರಿನಲ್ಲಿ ನೋಡುವ ವಯಸ್ಸಾಗಿರಲಿಲ್ಲ! ಕಾಲೇಜು ಅಲ್ಲಿಗೆ ಮುಗಿಯಿತು.

ಆ ಹುಡುಗಿಗೆ ಇಷ್ಟವಿರಲಿಲ್ಲ. ಅದನ್ನ ಆಕೆ ಕೊನೆಯವರೆಗೂ ಮುಚ್ಚಿಡಲಿಲ್ಲ. ಹದಿನಾರು ವರ್ಷದ ಹುಡುಗಿಯ ಓದು ನಿಲ್ಲಿಸಿದ್ದು ತಪ್ಪೇ. ಇದನ್ನ ನಾನು ಪಿಸುಮಾತಿನಲ್ಲಿ ಹೇಳ್ತಿಲ್ಲ. ನನ್ನ ತಕರಾರು ಇರೋದು ಆ ತಪ್ಪನ್ನ ಪಾಲು ಮಾಡುವ ಲೆಕ್ಕದಲ್ಲಿ. ಆಸ್ತಿ ಕರಗಿಸಿದ ಗಂಡನಿಗೆ ಸೊನ್ನೆ. ವಿಧವೆಗೂ ಎರಡು ಮಕ್ಕಳಿಗೂ ದಾರಿ ಮಾಡಿಕೊಡದ ಮನೆತನಕ್ಕೆ ಸೊನ್ನೆ. ಗುಮಾಸ್ತೆ ಹೆಂಗಸಿಗೆ ಮನೆ ನಡೆಸುವಷ್ಟು ಸಂಬಳ ಕೊಡದ ಕಾಲಕ್ಕೂ ಸೊನ್ನೆ. ನೂರಕ್ಕೆ ನೂರು ಅಮ್ಮನ ತಲೆಗೆ. ಇದ್ಯಾವ ಗಣಿತ?

ಈಗ ಬೈಸಿಕೊಳ್ಳುವ ಮಾತು ಹೇಳ್ತೀನಿ. ಪುನೀತ್ ರಾಜ್‌ಕುಮಾರ್ ಮೊದಲು ತೆರೆಗೆ ಬಂದದ್ದು 1976ರ 'ಪ್ರೇಮದ ಕಾಣಿಕೆ'ಯಲ್ಲಿ, ಕೈಗೂಸಾಗಿದ್ದಾಗ. ಹತ್ತು ವರ್ಷ ತುಂಬುವ ಹೊತ್ತಿಗೆ ಎಷ್ಟೊಂದು ಚಿತ್ರ ಮಾಡಿಯಾಗಿತ್ತು. 1985ರ 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ. ಅಣ್ಣಾವ್ರು ಮಗನ ಬಾಲ್ಯ ಕಿತ್ತುಕೊಂಡರು ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ನಾನಂತೂ ಅನ್ನಲ್ಲ. ಅಪ್ಪು ಸಿನಿಮಾ ನೋಡಿಕೊಂಡೇ ಬೆಳೆದವನು ನಾನು, 2021ರ ಅಕ್ಟೋಬರ್ 29ರಂದು ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತವನು. ನಾನು ಹೇಳ್ತಿರೋದು ಅಪ್ಪನ ಕೈ ಹಿಡಿದು ಬಂದ ಮಗನಿಗೆ ನಾವು ಇಟ್ಟುಕೊಂಡಿರೋ ಪದಗಳ ಬಗ್ಗೆ. ವಂಶದ ಕುಡಿ. ಪರಂಪರೆ. ರಕ್ತದಲ್ಲೇ ಬಂದ ಕಲೆ. ಮುಂಬೈಯಲ್ಲೂ ಇದೇ. 'ಶ್ರೀ 420' (1955) ಚಿತ್ರದ ಮಳೆಯ ಹಾಡಿನಲ್ಲಿ ರಾಜ್ ಕಪೂರ್ ತಮ್ಮ ಪುಟಾಣಿ ರಿಷಿಯನ್ನ ನಡೆಸಿದರೆ ಅದೊಂದು ಮುದ್ದು ನೆನಪು. ಹೆಣ್ಣುಮಗಳನ್ನ ಅಮ್ಮ ಕರೆತಂದರೆ ಮಾತ್ರ ನಮ್ಮ ನಿಘಂಟು ಬದಲಾಗುತ್ತೆ. ತಳ್ಳಿದಳು. ಮಾರಿದಳು. ಕೂತು ತಿಂದಳು.

ರೇಖಾ ಕಥೆ ಇದಕ್ಕಿಂತ ಕೆಟ್ಟದು. ಅಮ್ಮ ಪುಷ್ಪವಲ್ಲಿ ತೆಲುಗು-ತಮಿಳಿನ ನಟಿ, ಅಪ್ಪ ಜೆಮಿನಿ ಗಣೇಶನ್. ಈ ಅಪ್ಪ ಬಹಳ ಕಾಲ ಮಗಳನ್ನ ಮಗಳು ಅಂತ ಒಪ್ಪಿಕೊಳ್ಳಲೇ ಇಲ್ಲ. 1969ರಲ್ಲಿ, ಇನ್ನೂ ಹದಿನೈದರ ಆಸುಪಾಸಿನಲ್ಲಿ, ರೇಖಾ ನಮ್ಮ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಚಿತ್ರಕ್ಕೆ ರಾಜ್‌ಕುಮಾರ್ ಜೊತೆ ನಾಯಕಿ. ಆಮೇಲೆ ಮುಂಬೈ. ಮನೆಯ ಸಾಲ ತೀರಿಸಲು ಬಂದವಳು. ಜನ ಯಾರನ್ನ ಬೈದರು? ಪುಷ್ಪವಲ್ಲಿಯನ್ನ. ಜೆಮಿನಿ ಗಣೇಶನ್‌ಗೆ ಏನು ಸಿಕ್ಕಿತು? 'ಕಾದಲ್ ಮನ್ನನ್' ಅನ್ನೋ ಬಿರುದು. ಅಂದರೆ ಪ್ರೇಮದ ರಾಜ! ಇದಕ್ಕೆ ನಗಬೇಕೋ ಅಳಬೇಕೋ ಹೇಳಿ.

"ಆದರೂ ಮಗಳ ಇಷ್ಟ ಕೇಳಬೇಕಿತ್ತು" ಅಂತ ಆಫೀಸಿನ ಒಬ್ಬ ಗೆಳೆಯ ಪಟ್ಟು ಹಿಡಿದ. ಖಂಡಿತ ಕೇಳಬೇಕಿತ್ತು. ಅವನನ್ನೇ ಕೇಳಿದೆ, ಸಿಇಟಿ ಕೌನ್ಸೆಲಿಂಗ್‌ನಲ್ಲಿ ನಿನ್ನ ಬ್ರಾಂಚು ಆರಿಸಿದ್ದು ಯಾರಪ್ಪಾ? ನಕ್ಕುಬಿಟ್ಟ. ನನ್ನದನ್ನ ಆರಿಸಿದ್ದು ನಮ್ಮಪ್ಪ. ನನಗೆ ಇತಿಹಾಸ ಓದುವ ಆಸೆ ಇತ್ತು, ಅದನ್ನ ಮನೆಯಲ್ಲಿ ಪೂರ್ತಿ ಹೇಳಿ ಮುಗಿಸುವುದಕ್ಕೂ ಬಿಡಲಿಲ್ಲ. ನಮ್ಮ ಕ್ಲಾಸಿನ ಅರ್ಧಕ್ಕರ್ಧ ಹುಡುಗರ ಕಥೆ ಇದೇ. ನಮ್ಮ ಅಪ್ಪಂದಿರನ್ನ ಯಾರೂ ಆಸೆಬುರುಕರು ಅನ್ನಲ್ಲ. ಮಗನ ಭವಿಷ್ಯದ ಬಗ್ಗೆ ಕಾಳಜಿ ಇರೋ ತಂದೆ ಅಂತಾರೆ, ನಾವೂ ಹಾಗೇ ಅಂದುಕೊಂಡು ಸಂಬಳದಲ್ಲಿ ಮನೆ ಸಾಲ ಕಟ್ಟಿಕೊಂಡಿದ್ದೀವಿ. ಹದಿನೇಳರ ಹುಡುಗನನ್ನ ಇಷ್ಟವಿಲ್ಲದ ಕೆಲಸಕ್ಕೆ ಹಾಕೋದು ಈ ಊರಲ್ಲಿ ಅಪರಾಧ ಆಗಿದ್ದರೆ ಔಟರ್ ರಿಂಗ್ ರೋಡು ಖಾಲಿ ಹೊಡೀತಿತ್ತು.

ಸಂಧ್ಯಾ ಮಗಳನ್ನ ಕ್ಯಾಮೆರಾ ಮುಂದೆ ನಿಲ್ಲಿಸಿ ತಾನು ಕಾಲ ಮೇಲೆ ಕಾಲು ಹಾಕಿ ಕೂತವಳಲ್ಲ. ಕಲಿಸಿದಳು. ಕೆ.ಜೆ. ಸರಸಾ ಹತ್ತಿರ ಭರತನಾಟ್ಯ. 1960ರಲ್ಲಿ ಮೈಲಾಪುರದ ರಸಿಕ ರಂಜನಿ ಸಭಾದಲ್ಲಿ ರಂಗಪ್ರವೇಶ, ಮುಖ್ಯ ಅತಿಥಿ ಶಿವಾಜಿ ಗಣೇಶನ್. ಮಗಳು ಸ್ಟಾರ್ ಆದ ಮೇಲೂ ಹಣ, ಮನೆ, ಆಳುಕಾಳು ಎಲ್ಲ ಅಮ್ಮನೇ ನೋಡಿಕೊಂಡಳು. ಇದನ್ನೇ ಹಿಡಿದು "ನೋಡಿ, ದುಡ್ಡೆಲ್ಲ ಅಮ್ಮನ ಕೈಯಲ್ಲಿ" ಅನ್ನುವವರಿದ್ದಾರೆ. ಮಗಳು ಏನು ಹೇಳಿದಳು ಕೇಳಿ. 1971ರಲ್ಲಿ ಸಂಧ್ಯಾ ತೀರಿಕೊಂಡಾಗ ಜಯಲಲಿತಾಗೆ 23 ವರ್ಷ, ತಮಿಳು ಚಿತ್ರರಂಗದ ದೊಡ್ಡ ಹೆಸರು. ಆದರೆ ಮನೆ ಹೇಗೆ ನಡೆಸೋದು, ಲೆಕ್ಕ ಹೇಗೆ ಇಡೋದು ಏನೂ ಗೊತ್ತಿರಲಿಲ್ಲ, ದಿಕ್ಕೇ ತೋಚಲಿಲ್ಲ ಅಂತ ಆಕೆಯೇ ಸಿಮಿ ಎದುರು ಹೇಳಿದ್ದಾಳೆ. ತನ್ನನ್ನ ದೋಚಿದವಳ ಬಗ್ಗೆ ಯಾರೂ ಹೀಗೆ ಮಾತಾಡಲ್ಲ. ಸಿಮಿ ಕೂಡ ಮುಂದೆ ಕೂತು ಕೆದಕಿ ಕೆದಕಿ ಕೇಳುತ್ತಾರೆ. ಈಕೆ ಅಮ್ಮ ಸಿಗಲಿಲ್ಲ ಅಂತ ದೂರುತ್ತಾಳೆ, ಸಿನಿಮಾ ಇಷ್ಟವಿರಲಿಲ್ಲ ಅಂತಲೂ ಹೇಳುತ್ತಾಳೆ. ಅಮ್ಮನನ್ನ ಮಾತ್ರ ಬಿಟ್ಟುಕೊಡಲ್ಲ. ದೂರು ಮತ್ತು ಪ್ರೀತಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಕೇಳಿಸಿಕೊಳ್ಳುವ ನಾವು ದೂರನ್ನ ಮಾತ್ರ ಜೇಬಿಗೆ ಹಾಕಿಕೊಂಡು ಬರ್ತೀವಿ.

ಬಾಲ್ಯದಲ್ಲಿ ಅಮ್ಮ ಸಿಗಲಿಲ್ಲ, ಅದಕ್ಕೇ ಇಡೀ ತಮಿಳುನಾಡಿಗೆ 'ಅಮ್ಮ' ಆದಳು ಅಂತ ಸೈಕಾಲಜಿ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅಮ್ಮ ಕ್ಯಾಂಟೀನು, ಅಮ್ಮ ನೀರು, ಅಮ್ಮ ಉಪ್ಪು. ಕೇಳೋಕೆ ಚೆನ್ನಾಗಿದೆ. ಅದು ಪಾರ್ಟಿಯ ಲೆಕ್ಕಾಚಾರ ಅಂತ ನನ್ನ ಅಂದಾಜು, ಸಂಧ್ಯಾಳನ್ನ ಅದರೊಳಗೆ ಎಳೆಯೋದು ಬೇಡ.

ಆಕೆಯನ್ನ ಹುಡುಕಬೇಕಾದ ಜಾಗ ಬೇರೆ. ಚೆನ್ನೈನ ಪೋಯಸ್ ಗಾರ್ಡನ್ನಿನ 81ನೇ ನಂಬರಿನ ಮನೆ 1967ರಲ್ಲಿ, ಸಂಧ್ಯಾ ಬದುಕಿದ್ದಾಗಲೇ ಕೊಂಡದ್ದು. ಅಮ್ಮ ಹೋದ ಮೇಲೆ ಮಗಳು 45 ವರ್ಷ ಅದೇ ವಿಳಾಸ ಇಟ್ಟುಕೊಂಡಳು. ಅಲ್ಲಿಂದಲೇ ಮುಖ್ಯಮಂತ್ರಿಯಾದಳು, ಅಲ್ಲಿಂದಲೇ ಜೈಲಿಗೂ ಹೋದಳು, 2016ರ ಸೆಪ್ಟೆಂಬರ್ 22ರ ರಾತ್ರಿ ಅಲ್ಲಿಂದಲೇ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. 2020ರಲ್ಲಿ ತಮಿಳುನಾಡು ಸರ್ಕಾರ ಅದನ್ನ ಸ್ಮಾರಕ ಮಾಡಲು ಹೊರಟಿತು, 2021ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನ ರದ್ದು ಮಾಡಿ ಮನೆಯನ್ನ ಅಣ್ಣನ ಮಕ್ಕಳಿಗೆ ಕೊಡಿಸಿತು. ಆ ದಿನಗಳಲ್ಲಿ ಪೇಪರಿನಲ್ಲಿ, ಟೀವಿಯಲ್ಲಿ ಎಲ್ಲಿ ನೋಡಿದರೂ ಆ ಮನೆಯ ಹೆಸರು. 'ವೇದ ನಿಲಯಂ'. ವೇದ ಅಂದರೆ ಋಗ್ವೇದ ಯಜುರ್ವೇದ ಅಂತ ನಮ್ಮ ಟೀಮಿನ ಒಬ್ಬರು ನನಗೆ ವಿವರಿಸಲು ಬಂದರು. ಅಲ್ಲ ಸಾರ್ ಅಂದೆ. ವೇದವಲ್ಲಿ.