ಪತ್ತಿರ್ ಬಿಡಬೇಡಿ, ತೂಗಿ ತಿನ್ನಿ

ಇಲ್ಲಿ ಕಲ್ಪೆಟ್ಟದ ಜಿಮ್ಮೊಂದರಲ್ಲಿ ನನಗೆ ಕೊಟ್ಟ ಡಯಟ್ ಚಾರ್ಟಿನಲ್ಲಿ ಓಟ್ಸ್, ಬ್ರೊಕೊಲಿ, ಪ್ರೋಟೀನ್ ಪೌಡರ್ ಇತ್ತು. ಪತ್ತಿರ್ ಇಲ್ಲ, ಅನ್ನ ಇಲ್ಲ, ಮೀನು ಸಾರೂ ಇಲ್ಲ. ಬರೆದವರು ವಯನಾಡಿನಲ್ಲಿ ಒಂದು ಹೊತ್ತು ಉಂಡವರೋ ಇಲ್ಲವೋ!

ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬಿಗೆ 9. ಖರ್ಚಾಗುವುದಕ್ಕಿಂತ ಕಡಿಮೆ ಉಂಡರೆ ತೂಕ ಇಳಿಯುತ್ತದೆ, ಉಂಡದ್ದು ಪತ್ತಿರಾದರೂ ಸರಿ, ಓಟ್ಸಾದರೂ ಸರಿ. ಹಾಗೆಂದು "ನಮ್ಮ ಅಡುಗೆಗೆಲ್ಲ ಎಂಥ ಲೆಕ್ಕ, ಕಣ್ಣಳತೆ ಸಾಕು" ಎನ್ನುವವರನ್ನೂ ನಾನು ಒಪ್ಪುವುದಿಲ್ಲ. ಬಾಪನ ಅಂಗಡಿಯಲ್ಲಿ 50 ಗ್ರಾಂ ಏಲಕ್ಕಿ ತೂಗುವಾಗ ಒಂದು ಕಾಯಿ ಹೆಚ್ಚು ಹೋಗುವುದಿಲ್ಲ. ಅದೇ ಬಾಪನ ಮನೆಯಲ್ಲಿ ತೆಂಗಿನೆಣ್ಣೆ ಬಾಟಲಿಯಿಂದ ನೇರ ಬಾಣಲೆಗೆ. ಒಂದು ದೊಡ್ಡ ಚಮಚಕ್ಕೇ ಸುಮಾರು 120 ಕ್ಯಾಲೊರಿ ಮಾರಾಯ್ರೇ!

ಅಂಗಡಿಯ ಹಳೇ ತಕ್ಕಡಿಯನ್ನು ಅಡುಗೆಮನೆಗೆ ತಂದಿಟ್ಟೆ. ನನ್ನ ಹೊಟ್ಟೆ ಕರಗಿತು, ಅದಿರಲಿ. ಒಂದು ದಿನ ಉಮ್ಮ ತಿಂದದ್ದನ್ನೂ ತೂಗಿ ಬರೆದೆ. ಅನ್ನ, ಸಾರು, ಮೀನಿನ ತಲೆ. ತುಂಡುಗಳೆಲ್ಲ ಗಂಡಸರ ಬಟ್ಟಲಿಗೆ ಬಂದಾಗಿತ್ತು. ಐಸಿಎಂಆರ್ ಹೇಳುವುದು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ. ಉಮ್ಮನ ಇಡೀ ದಿನದ ಲೆಕ್ಕ ಅದರ ಅರ್ಧಕ್ಕೂ ಬರಲಿಲ್ಲ. "ಉಮ್ಮ ದಪ್ಪ ಆಗ್ತಿದ್ದೀರಿ, ಅನ್ನ ಕಡಿಮೆ ಮಾಡಿ" ಎಂದು ಉಪದೇಶ ಮಾಡುತ್ತಿದ್ದವರು ನಾವೇ.

ಈಗ ಮತ್ತಿ ಸಾರು ಮಾಡಿದ ದಿನ ಮೊದಲ ಬಟ್ಟಲು ಉಮ್ಮನದು. ಬಾಪ ಇನ್ನೂ ಗೊಣಗುತ್ತಾರೆ.