ಮನೆವಾರ್ತೆ: ಊರಿನ ಅಮ್ಮನ ಫೋನಿಗೆ ಯಾವ ಪ್ಲಾನು?

ಈ ಸಲ ಈ ಪುಟಕ್ಕೆ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು. ಊರಿನಲ್ಲಿರುವ ತಾಯಿಗೋ ಅತ್ತೆಗೋ ಹೊಸದಾಗಿ ಸ್ಮಾರ್ಟ್ ಫೋನು ಕೊಡಿಸಿಯಾಯಿತು. ಇನ್ನು ಅದಕ್ಕೆ ಎಷ್ಟರ ಕರೆನ್ಸಿ ಹಾಕಿಸಬೇಕು? ದಿನಕ್ಕೆ ಒಂದು ಜಿಬಿ ಸಾಕೆ, ಎರಡು ಬೇಕೆ? ಠಾಣೆಯ ಸೋದರಿಯೊಬ್ಬರು, "ಅಗ್ಗದ್ದು ಸಾಕೆಂದು ಇವರು, ಒಳ್ಳೆಯದೇ ಇರಲೆಂದು ನಾನು, ನೀವೇ ತೀರ್ಮಾನ ಹೇಳಿ" ಎಂದು ಬರೆದಿದ್ದಾರೆ. ಗಂಡಹೆಂಡಿರ ನಡುವೆ ನ್ಯಾಯ ಹೇಳಲು ನಾನು ಯಾರು? ಆದರೂ ಒಂದು ಮಾತು ಹೇಳಬಹುದು. ಇಬ್ಬರೂ ಲೆಕ್ಕವನ್ನು ತಪ್ಪು ಕಡೆಯಿಂದ ಆರಂಭಿಸಿದ್ದಾರೆ. ಮೊದಲು ಟವರು, ಆಮೇಲೆ ದಿನ. ಜಿಬಿಯ ಮಾತು ಕಡೆಗೆ.

ನಮ್ಮ ಮುಂಬಯಿಯ ಫ್ಲಾಟಿನಲ್ಲಿ ಚೆನ್ನಾಗಿ ಹಿಡಿಯುವ ಕಂಪನಿಯೇ ಸಿರಸಿಯ ಆಚೆಯ ತೋಟದ ಮನೆಯಲ್ಲೂ ಹಿಡಿದೀತೆಂಬ ಭರವಸೆಯಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಂಗಳದ ತುದಿಗೆ ಬಂದು ನಿಂತರೆ ಮಾತ್ರ ಮಾತು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರೇ ನಾವೆಲ್ಲ. ಕಂಪನಿಗಳು ತಮ್ಮ ಸಂಪರ್ಕ ಎಲ್ಲೆಲ್ಲಿ ಉಂಟೆಂಬುದರ ನಕಾಶೆಯನ್ನು ವೆಬ್‌ಸೈಟಿನಲ್ಲಿ ಇಡಬೇಕೆಂಬ ನಿಯಮ 2024ರ ಅಕ್ಟೋಬರಿನಿಂದ ಬಂದಿದೆ, ಅದನ್ನು ನೋಡಿ. ಆದರೆ ದಪ್ಪ ಗೋಡೆಯ ಅಡಿಗೆಮನೆಯ ಸಂಗತಿ ನಕಾಶೆಗೆ ಗೊತ್ತಾಗುವುದಿಲ್ಲ. ನೆರೆಮನೆಯ ಹುಡುಗರಿಗೆ, "ನಮ್ಮಮ್ಮ ಒಲೆಯ ಮುಂದೆ ಕೂತಾಗ ಯಾವ ಸಿಮ್ಮು ಹಿಡಿಯುತ್ತದಪ್ಪಾ?" ಎಂದು ಕೇಳಿ. ಅವರು ಹೇಳಿದ್ದೇ ಪ್ರಮಾಣ. 5ಜಿ ಎಂಬ ಹೆಸರಿಗೂ ಮರುಳಾಗಬೇಕಾದ್ದಿಲ್ಲ. ಅದು ದಕ್ಕಬೇಕಾದರೆ ಫೋನೂ ಅದಕ್ಕೆ ತಕ್ಕುದಾಗಿರಬೇಕು, ಊರಿನ ಟವರೂ ತಕ್ಕುದಾಗಿರಬೇಕು.

ಇನ್ನು ದಿನದ ಲೆಕ್ಕ. ಇದು ನಿಜವಾಗಿಯೂ ಮುಖ್ಯವಾದದ್ದು. "ತಿಂಗಳಿನ ಪ್ಯಾಕು" ಎಂದು ಅಂಗಡಿಯವರು ಕೊಡುವುದು ಬಹುಮಟ್ಟಿಗೆ 28 ದಿನದ್ದು. ವರ್ಷಕ್ಕೆ ಹನ್ನೆರಡು ಸಲ ಹಾಕಿಸಿದರೆ ಸಾಲದು. ಹದಿಮೂರು ಸಲ ಹಾಕಿಸಿದರೆ 364 ದಿನವಾಗುತ್ತದೆ. ದುಡ್ಡಿನ ಮಾತು ಹಾಗಿರಲಿ, ತಾರೀಖು ಪ್ರತಿ ಸಲ ಎರಡು ಮೂರು ದಿನ ಹಿಂದಕ್ಕೆ ಸರಿಯುವುದರಿಂದ ನೆನಪಿನಲ್ಲಿ ನಿಲ್ಲುವುದಿಲ್ಲ. ಸಂಬಳದ ದಿನ ಹಾಕಿಸಿದ ಕರೆನ್ಸಿ ಮುಂದಿನ ಸಂಬಳಕ್ಕೆ ಮೊದಲೇ ಮುಗಿದಿರುತ್ತದೆ. ಈ ತೊಡಕಿಗೆಂದೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 2022ರಲ್ಲಿ, ಪ್ರತಿ ಕಂಪನಿಯೂ 30 ದಿನದ್ದೊಂದು ಮತ್ತು ತಿಂಗಳು ತಿಂಗಳು ಅದೇ ತಾರೀಖಿಗೆ ಬರುವಂಥದ್ದೊಂದು ಪ್ಲಾನನ್ನು ಇಡಲೇಬೇಕೆಂದು ಆಜ್ಞೆ ಮಾಡಿತು. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ; ನಾವೇ ಕೇಳಬೇಕು.

ದಿನ ಮುಗಿದರೆ ಏನಾಗುತ್ತದೆ? ಮೊದಲು ಇಲ್ಲಿಂದ ಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನ ಕಳೆದರೆ ಬರುವ ಕರೆಯೂ ನಿಲ್ಲುತ್ತದೆ. ಪಿಂಚಣಿ ಬಂತೆಂಬ ಬ್ಯಾಂಕಿನ ಸಂದೇಶ, ಓಟಿಪಿ ಎಲ್ಲವೂ ಅದೇ ನಂಬರಿಗೆ ಬರತಕ್ಕವು. ಅಷ್ಟಾದರೂ ನಮ್ಮ ತಾಯಂದಿರು ಬಾಯಿ ಬಿಟ್ಟು ಹೇಳುವವರಲ್ಲ. ಪಾಪ, ಮಗನಿಗೆ ಮತ್ತೆ ಖರ್ಚೆಂದು ನಾಲ್ಕು ದಿನ ಸುಮ್ಮನಿದ್ದುಬಿಡುತ್ತಾರೆ. ಇತ್ತ ನಾವು, ಎಷ್ಟು ಸಲ ಹಚ್ಚಿದರೂ ಫೋನು ಹತ್ತಲಿಲ್ಲವೆಂದು ಗಾಬರಿಬಿದ್ದು, ರಾತ್ರಿ ಹತ್ತು ಗಂಟೆಗೆ ಪಕ್ಕದ ಮನೆಯವರನ್ನು ಎಬ್ಬಿಸುತ್ತೇವೆ. ಜಿಬಿ ಕಡಿಮೆಯಾದರೆ ಒಂದು ಹಾಡು ತಪ್ಪೀತು. ದಿನ ಮುಗಿದರೆ ತಾಯಿಯೇ ಕೈಗೆ ಸಿಗದೆ ಹೋದಾರು. ಆದುದರಿಂದ ಊರಿನಲ್ಲಿ ಒಬ್ಬರೇ ಇರುವ ಹಿರಿಯರಿಗೆ 84 ದಿನದ್ದನ್ನೋ, ಕೈಯಲ್ಲಿ ಅನುಕೂಲವಿದ್ದರೆ ವರ್ಷದ್ದನ್ನೋ ಹಾಕಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆ. "ನೆಟ್ ಮುಗಿದಿದೆ" ಎಂದು ಅಮ್ಮ ಪೇಟೆಯ ಅಂಗಡಿಗೆ ಹೋದರೆ ಅವರು ಬರೀ ನೆಟ್ ಪ್ಯಾಕ್ ಹಾಕಿ ಕಳಿಸಿಯಾರು. ಅದರಿಂದ ಜಿಬಿ ಹೆಚ್ಚುವುದೇ ಹೊರತು ಮೂಲ ಪ್ಲಾನಿನ ದಿನ ಒಂದೂ ಮುಂದಕ್ಕೆ ಹೋಗುವುದಿಲ್ಲ. ದುಡ್ಡು ಕೊಟ್ಟೂ ಫೋನು ಸತ್ತಿತೇಕೆಂದು ಅವರು ಕಂಗಾಲಾಗುವುದು ಇದರಿಂದಲೇ.

ಈಗ ಜಿಬಿಗೆ ಬರೋಣ. ಒಂದು ಜಿಬಿಯೆಂದರೆ 1024 ಎಂಬಿ. ವಾಟ್ಸಾಪಿನಲ್ಲಿ ಮುಖ ನೋಡುತ್ತ ಒಂದು ಗಂಟೆ ಮಾತನಾಡಿದರೆ ಸುಮಾರು 300 ಎಂಬಿ ಎಂದು ಇಟ್ಟುಕೊಳ್ಳಿ. ಫೋನು ನೋಡಿ ಹೆಚ್ಚೂ ಆದೀತು. ಯೂಟ್ಯೂಬನ್ನು ಸಾಧಾರಣ ಸ್ಪಷ್ಟತೆಯಲ್ಲಿ ಒಂದು ಗಂಟೆ ನೋಡಿದರೆ 500 ಎಂಬಿಯಷ್ಟು, ಇನ್ನೂ ಸ್ಪಷ್ಟವಾಗಿ ಬೇಕೆಂದರೆ ಒಂದು ಜಿಬಿಯ ಮೇಲೆ. ಬರೆದ ಸಂದೇಶಗಳು ಲೆಕ್ಕಕ್ಕೇ ಇಲ್ಲ. ಅರ್ಧ ಗಂಟೆ ದೇವರನಾಮ, ಕಾಲು ಗಂಟೆ ಮೊಮ್ಮಗಳ ಮುಖ, ಬೆಳಗಿನ ಶುಭೋದಯದ ಚಿತ್ರಗಳು, ಎಲ್ಲ ಸೇರಿ ದಿನಕ್ಕೆ 375 ಎಂಬಿಯಾದರೆ 28 ದಿನಕ್ಕೆ ಹತ್ತು ಜಿಬಿಗೆ ಸ್ವಲ್ಪ ಮೇಲೆ. ದಿನಕ್ಕೆ ಒಂದೂವರೆ ಜಿಬಿಯ ಪ್ಲಾನು ಕೊಡುವುದು 42 ಜಿಬಿ. ಉಳಿದದ್ದು ನಾಳೆಗೆ ಬರುವುದೂ ಇಲ್ಲ. ನಡುರಾತ್ರಿಗೆ ಆ ದಿನದ ಪಾಲು ರದ್ದು, ಹೊಸ ಪಾಲು ಶುರು. ಮದುವೆಮನೆಯ ಅಡಿಗೆಯಂತೆ ಉಳಿಸಿ ಮರುದಿನ ಬಡಿಸುವ ಹಾಗಿಲ್ಲ.

ಹಾಗೆಂದು ತೀರ ಕಡಿಮೆಯದನ್ನು ಹಿಡಿದರೂ ಕಷ್ಟ. ಇಡೀ 28 ದಿನಕ್ಕೆ ಎರಡೇ ಜಿಬಿ ಕೊಡುವ ಪ್ಲಾನುಗಳುಂಟು. ಮೇಲಿನ ಲೆಕ್ಕದಲ್ಲಿ ಅದು ಒಂದು ವಾರವೂ ಬಾರದು. ದಿನದ ಪಾಲು ಮುಗಿದಾಗಲಂತೂ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಮಾತಿನ ಕರೆಗೆ ತೊಂದರೆಯಿಲ್ಲ, ಚಿತ್ರ ಮಾತ್ರ ಸುತ್ತುತ್ತಲೇ ಇರುತ್ತದೆ. ಅಮ್ಮನಿಗೆ ಫೋನು ಕೆಟ್ಟಿತೆಂಬ ಭಯ. ಬೆಳಿಗ್ಗೆ ಸರಿಹೋಗುತ್ತದೆಂದು ಮೊದಲೇ ತಿಳಿಸಿಟ್ಟರೆ ಒಳ್ಳೆಯದು. ವಾಟ್ಸಾಪಿನ ಸೆಟ್ಟಿಂಗಿನಲ್ಲಿ ವಿಡಿಯೋಗಳು ತಾವಾಗಿ ಇಳಿಯುವುದನ್ನು ನಿಲ್ಲಿಸಿಡಿ. ಬಂಧುಬಳಗದ ಗುಂಪು ನಾಲ್ಕಿದ್ದವರಿಗೆ ಇದೊಂದೇ ದೊಡ್ಡ ಉಳಿತಾಯ.

ಅಂದಾಜು ತಿಳಿಯದವರು ಮೊದಲ ಸಲ 28 ದಿನದ್ದನ್ನೇ ಹಾಕಿಸಿ, ಯಾವುದಕ್ಕೆ ಎಷ್ಟು ಖರ್ಚಾಯಿತೆಂಬುದನ್ನು ಫೋನಿನ ಸೆಟ್ಟಿಂಗಿನಲ್ಲೇ ನೋಡಬಹುದು. ಮೊದಲ ಹತ್ತು ದಿನದ ಲೆಕ್ಕ ಹಿಡಿಯಬೇಡಿ. ಹೊಸ ಫೋನು ತನ್ನ ಆ್ಯಪುಗಳನ್ನು ಇಳಿಸಿಕೊಳ್ಳುವುದೂ ಆಗಲೇ, ಮನೆಯವರ ಉತ್ಸಾಹ ಏರಿರುವುದೂ ಆಗಲೇ. ಬೆಲೆಗಳನ್ನು ನಾನು ಬೇಕೆಂದೇ ಬರೆದಿಲ್ಲ. 2024ರ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪನಿಗಳೂ ಒಂದರ ಬೆನ್ನಿಗೊಂದು ದರ ಏರಿಸಿದವು. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ ಅವರೊಡನೆ ಓಡಲಾದೀತೆ?

ಪುಣೆಯ ಹಿರಿಯರೊಬ್ಬರು ಇನ್ನೊಂದು ಪ್ರಶ್ನೆ ಕೇಳಿದ್ದಾರೆ: ಮಗನ ಮನೆಯಲ್ಲಿ ವೈಫೈ ಇರುವಾಗ ತಮಗೆ ನೆಟ್ ಏತಕ್ಕೆ? ಮಾತು ಮತ್ತು ಸಂದೇಶ ಮಾತ್ರ ಇರುವ ಪ್ಯಾಕುಗಳನ್ನು ಕಂಪನಿಗಳು ಇಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿತು. ಇಂಥವರನ್ನು ನೆನೆದೇ ಅದು ಬಂದದ್ದು. ಬ್ಯಾಂಕಿಗೆಂದು ಇಟ್ಟ ಎರಡನೆಯ ಸಿಮ್ಮಿಗೆ ಅದು ಬಹಳ ಸೊಗಸು. ಆದರೆ ಕೈಯಲ್ಲಿ ಹಿಡಿದು ತಿರುಗುವ ಫೋನಿಗೆ ನನ್ನ ಮನಸ್ಸು ಒಪ್ಪುವುದಿಲ್ಲ. ಪರಭಾಷೆಯ ಊರಿನಲ್ಲಿ ಹಿರಿಯರು ಒಬ್ಬರೇ ಮಾರ್ಕೆಟ್ಟಿಗೆ ಹೋದಾಗ ತರಕಾರಿಯವನಿಗೆ ಫೋನಿನಿಂದ ದುಡ್ಡು ಕೊಡುವುದು, ದಾರಿ ತಪ್ಪಿದರೆ ನಕಾಶೆ ನೋಡುವುದು, ಕನ್ನಡದಲ್ಲಿ ಹೇಳಿದ್ದನ್ನು ಗೂಗಲ್ ಟ್ರಾನ್ಸ್‌ಲೇಟಿನಲ್ಲಿ ಮರಾಠಿ ಮಾಡಿ ರಿಕ್ಷಾದವನಿಗೆ ತೋರಿಸುವುದು, ಇವೆಲ್ಲ ಬೇಕಾಗುವುದು ವೈಫೈ ಇಲ್ಲದ ಬೀದಿಯಲ್ಲಿಯೇ. ಅಷ್ಟು ನೆಟ್ ಇದ್ದರೆ ಸೊಸೆ ಕೆಲಸದಿಂದ ಬರುವ ತನಕ ಮನೆಯಲ್ಲೇ ಕೂತಿರುವುದು ತಪ್ಪುತ್ತದೆ. ಸ್ವಲ್ಪವೇ ಇರಲಿ, ಆದರೆ ಇರಲಿ.

ಊರಿನ ಸಿಮ್ಮನ್ನು ಬದಲಿಸದೆಯೂ ಇಲ್ಲಿ ಬಳಸಬಹುದು. ಈಗಿನ ಸಾಮಾನ್ಯ ಅನ್‌ಲಿಮಿಟೆಡ್ ಪ್ಲಾನುಗಳಲ್ಲಿ ರೋಮಿಂಗ್ ಸೇರಿಯೇ ಇರುತ್ತದೆ. ಹಿಡಿದ ಕಂಪನಿ ಸರಿಬೀಳದಿದ್ದರೆ ನಂಬರು ಉಳಿಸಿಕೊಂಡೇ ಬೇರೆಯದಕ್ಕೆ ಹೋಗುವ ಸೌಲಭ್ಯ 2011ರಿಂದ ದೇಶದಾದ್ಯಂತ ಇದೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ 2015ರ ಜುಲೈಯಿಂದ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಸ್ವಲ್ಪ ಜಾಗ ಬಿಟ್ಟು ನಂಬರನ್ನು ಬರೆದು 1900ಕ್ಕೆ ಸಂದೇಶ ಕಳಿಸಿದರೆ ಒಂದು ಗುರುತುಸಂಖ್ಯೆ ಬರುತ್ತದೆ. ನಮ್ಮ ಕಡೆಗಳಲ್ಲಿ ಅದಕ್ಕೆ 4 ದಿನದ ಆಯುಸ್ಸು. ಇದ್ದ ಕಂಪನಿಯಲ್ಲಿ 90 ದಿನ ತುಂಬಿರಬೇಕು. ಹಳೆಯ ಪ್ಲಾನಿನಲ್ಲಿ ಉಳಿದ ದಿನಗಳು ಮಾತ್ರ ಹೊಸ ಕಡೆಗೆ ಬರುವುದಿಲ್ಲ. ವರ್ಷದ ದುಡ್ಡು ಕಟ್ಟುವ ಮೊದಲು ಅಡಿಗೆಮನೆಯಲ್ಲಿ ಟವರು ನೋಡಿರೆಂದು ಹೇಳಿದ್ದು ಅದಕ್ಕಾಗಿ.

ಫೋನಿನಲ್ಲಿ ಕನ್ನಡ ಅಕ್ಷರ ಮೂಡಿಸುವುದು ಹೇಗೆಂದು ಚೆನ್ನೈಯಿಂದ ಕೇಳಿದವರ ಪ್ರಶ್ನೆ ಮುಂದಿನ ಸಂಚಿಕೆಗಿರಲಿ.